ರೇಡಿಯೋ ಪಕ್ಕದ ಜಾಗ

ತರಬೇತಿ ಕಾಲೇಜಿನಲ್ಲಿ ಮಕ್ಕಳನ್ನು ಅಂಕೆಯಲ್ಲಿಡುವ ಪಾಠವೆಂದರೆ ಒಂದು ನಾಟಕ. ಜೊತೆಯವರೇ ಮಕ್ಕಳಾಗಿ ಬೆಂಚಿನಲ್ಲಿ ಕೂತು ಕಾಗದದ ಉಂಡೆ ಎಸೆಯುತ್ತಿದ್ದರು. ಅಲ್ಲಿ ಶಿಕ್ಷಕಿಯಾಗಲು ಕಲಿಯುತ್ತಿದ್ದ ಅವಳು ಹುಲಿ. ಗದ್ದಲ ಮಾಡುವವರ ಹತ್ತಿರ ಹೋಗಿ ಸುಮ್ಮನೆ ನಿಂತರೆ ಸಾಕು, ಮೀಸೆ ಬಂದ ಮಕ್ಕಳೂ ತಲೆ ತಗ್ಗಿಸುತ್ತಿದ್ದರು.

ಪಾಠ ಮಾಡಿ ತೋರಿಸಲು ಕಳಿಸಿದ ನಿಜವಾದ ನಾಲ್ಕನೇ ತರಗತಿಯಲ್ಲಿ ಯಾರೂ ಉಂಡೆ ಎಸೆಯಲಿಲ್ಲ.

"ಮಿಸ್, ಇವಳು ನನ್ನ ರಬ್ಬರ್ ನೋಡ್ತಾ ಇದಾಳೆ."

"ಮಿಸ್, ನನ್ನ ಹಲ್ಲು ಅಲ್ಲಾಡ್ತಿದೆ, ಬೇಕಾದ್ರೆ ಮುಟ್ಟಿ ನೋಡಿ."

ಒಬ್ಬರನ್ನು ಕೂರಿಸಿದರೆ ಇಬ್ಬರು ಏಳುವರು. ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ. ಮೊದಲ ಪಾಠ ನೋಡಲು ಬಂದ ಪರೀಕ್ಷಕರು, "ಪಾಠ ಚೆನ್ನಾಗಿದೆ, ತರಗತಿ ಕೈಯಲ್ಲಿಲ್ಲ" ಎಂದು ಹೇಳಿ ಹೋದರು. ಎರಡನೆಯದೇ ಕೊನೆಯದು. ಅದೂ ಕೈತಪ್ಪಿದರೆ ತರಬೇತಿ ಇನ್ನೊಂದು ವರ್ಷ.

ಆ ತರಗತಿಯ ಕಾಯಂ ಶಿಕ್ಷಕಿ ದೊಡ್ಡ ಮಿಸ್ ಅವಳಿಗೆ ಕುರ್ಚಿ ಎಳೆದುಕೊಟ್ಟರು. "ಅಳಬೇಡಮ್ಮ. ಮೊದಲ ವರ್ಷ ನನ್ನ ಕ್ಲಾಸಿನ ಗಲಾಟೆಗೆ ಪಕ್ಕದವರು ಕಿಟಕಿ ಮುಚ್ಕೋತಿದ್ರು."

ಗಲಾಟೆಯ ಬೇರು ಒಂದೇ: ರೇಡಿಯೋ. ಮಕ್ಕಳೇ ಇಟ್ಟ ಹೆಸರು. ಎರಡು ಜಡೆಯ ಆ ಹುಡುಗಿ ನಿದ್ದೆಯಲ್ಲೂ ಸುಮ್ಮನಿರಳೆಂದು ಅವಳ ಅಮ್ಮನೇ ಹೇಳಿದ್ದರು. ಕಿಟಕಿ ಪಕ್ಕದ ಬೆಂಚಿನಲ್ಲಿ ಇನ್ನೊಬ್ಬಳಿದ್ದಳು. ಹಾಜರಿ ಕೂಗಿದರೂ ಕೈ ಎತ್ತುವಳೇ ಹೊರತು ಬಾಯಿ ಬಿಡಳು. ಅವಳಿಗೆ ಬೀಗ ಅನ್ನುತ್ತಿದ್ದರು.

ಉತ್ತರ ಕೊಡುವವರೇ ಇಲ್ಲದಿದ್ದರೆ ರೇಡಿಯೋ ಎಷ್ಟು ಹೊತ್ತು ಹಾಡೀತು? ಹೊಸ ಮಿಸ್ ರೇಡಿಯೋವನ್ನು ಬೀಗದ ಪಕ್ಕ ಕೂರಿಸಿದಳು.

"ನೋಡೋಣ," ಎಂದರು ದೊಡ್ಡ ಮಿಸ್. ಅಷ್ಟೇ.

ಮೊದಮೊದಲು ಆ ಮೂಲೆ ತಣ್ಣಗಾಯಿತು. ಅವಳಿಗೆ ರಾತ್ರಿ ನಿದ್ದೆಯೂ ಹತ್ತಿತು.

ಪರೀಕ್ಷಕರು ಮತ್ತೆ ಬಂದ ದಿನ ಪಾಠ ಭಿನ್ನರಾಶಿ. ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ಅರ್ಧದ ಅರ್ಧ ಎಷ್ಟೆಂದು ಮಡಚಿ ನೋಡಿ ಎಂದಳು. ತರಗತಿ ಗಪ್‌ಚುಪ್. ಅಷ್ಟರಲ್ಲಿ ಕಿಟಕಿಯ ಬೆಂಚಿನಿಂದ ಗುಸುಗುಸು ಎದ್ದಿತು. ಹಿಂದೆ ಕೂತಿದ್ದ ಪರೀಕ್ಷಕರು ತಲೆ ಎತ್ತಿದರು. ಅವಳು ಕಾಲೇಜಿನಲ್ಲಿ ಕಲಿತಂತೆ ಮೆಲ್ಲಗೆ ಹೋಗಿ ಆ ಬೆಂಚಿನ ಹಿಂದೆ ನಿಂತಳು.

ಮಾತಾಡುತ್ತಿದ್ದವಳು ರೇಡಿಯೋ ಅಲ್ಲ.

"ಹಾಗಲ್ಲ ಕಣೇ. ಮಡಚಿದ್ದನ್ನೇ ಇನ್ನೊಂದ್ಸಲ ಮಡಚು. ಈಗ ಬಿಚ್ಚು. ಎಷ್ಟು ಮನೆ?"

"ನಾಲ್ಕು."

"ಅದ್ರಲ್ಲಿ ಒಂದು ಮನೆ ಕಾಲು. ಗೊತ್ತಾಯ್ತಾ ದಡ್ಡಿ?"

ರೇಡಿಯೋ ಬಾಯಿ ತೆರೆದುಕೊಂಡು ಕೇಳುತ್ತಿತ್ತು.

ಒಂದು ಮಾತು ಗದರಿದರೆ ತರಗತಿ ಮತ್ತೆ ಮೌನವಾಗುತ್ತಿತ್ತು, ತರಬೇತಿಯೂ ಮುಗಿಯುತ್ತಿತ್ತು. ಆದರೆ ಬೀಗದ ಬಾಯಿ ಮತ್ತೆ ಎಂದು ತೆರೆದೀತು? ಹೋದರೆ ಒಂದು ವರ್ಷ ಹೋಗಲಿ ಎಂದುಕೊಂಡು ತುದಿಗಾಲಲ್ಲಿ ಹಿಂದೆ ಸರಿದಳು. ಮುಂದಿನ ಬೆಂಚಿನವಳು ತಿರುಗಿ ನೋಡಿ, "ಅಯ್ಯೋ, ಬೀಗ..." ಎನ್ನುವಷ್ಟರಲ್ಲಿ, ಉಳಿದವರು ಅತ್ತ ತಿರುಗುವ ಮೊದಲೇ ಹೊಸ ಮಿಸ್, "ಎಲ್ಲರೂ ಪಕ್ಕದವರಿಗೆ ಹೇಳಿಕೊಡಿ, ನೋಡೋಣ," ಎಂದುಬಿಟ್ಟಳು. ಕೋಣೆ ಜೇನುಗೂಡಾಯಿತು.

ಪರೀಕ್ಷಕರು ಎದ್ದರು. ಕಿಟಕಿಯತ್ತ ಕುರ್ಚಿ ಎಳೆಯಲು ಕೈ ಹಾಕಿದವರು ಒಂದು ಕ್ಷಣ ತಡೆದು, ಸದ್ದಾಗದಂತೆ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಇಟ್ಟರು. ಆ ಹುಡುಗಿಯ ಮಾತು ನಿಲ್ಲಲಿಲ್ಲ.

ಪಾಠ ಮುಗಿದ ಮೇಲೆ ಪಡಸಾಲೆಯಲ್ಲಿ ಕೇಳಿದರು: "ಆ ಬೆಂಚಿನವರನ್ನ ಯಾಕಮ್ಮ ಸುಮ್ಮನಿರಿಸಲಿಲ್ಲ?"

"ಆ ಮಗು ದನಿ ನಾನು ಕೇಳಿದ್ದೇ ಇವತ್ತು, ಸರ್."

"ಓಹೋ, ಅದಕ್ಕೇ ಅಲ್ಲಿ ಕೂರಿಸಿದ್ರಾ?"

ಹೌದು ಎಂದರೆ ಸಾಕಿತ್ತು. "ಇಲ್ಲ ಸರ್. ಪಕ್ಕದವಳ ಬಾಯಿ ಮುಚ್ಚಿಸೋಕೆ."

ಅವರು ಕನ್ನಡಕ ತೆಗೆದು ಮನಸಾರೆ ನಕ್ಕರು. "ಇವಳ ಬಾಯಿ ತೆರೀತು, ಅವಳದೂ ಮುಚ್ಚಿತಲ್ಲ! ಪಾಸಾಗಿದೀರಿ, ಹೋಗಿ ನೀರು ಕುಡೀರಿ."

ಒಳಗೆ ಬಂದರೆ ರೇಡಿಯೋ ಸೊಂಟಕ್ಕೆ ಕೈಯಿಟ್ಟು ಕಾಯುತ್ತಿದ್ದಳು. "ಮಿಸ್, ನನ್ನ ಜಾಗ ಬದಲಾಯಿಸಿ. ಇವಳದ್ದು ಅತಿಯಾಯ್ತು, ನನಗೆ ಮಾತಾಡೋಕೇ ಬಿಡಲ್ಲ."

"ಆಗಲಿ ಪುಟ್ಟಾ. ಈಗಲೇ ಬದಲಾಯಿಸ್ಲಾ?"

ರೇಡಿಯೋ ಕಿಟಕಿಯತ್ತ ತಿರುಗಿ ನೋಡಿದಳು. "ಈಗ ಬೇಡ. ಅವಳ ಬೆಕ್ಕಿನ ವಿಷಯ ಹೇಳ್ತಾ ಇದ್ಲು, ಇನ್ನೂ ಮುಗಿದಿಲ್ಲ," ಎಂದು ಓಡಿದಳು.