ತೋಫು ಕುಯ್ಯುವ ಕತ್ತಿ

“ಮರದ್ದಾ? ಇವರ ಎದೆ ಮೇಲೆ ಮರದ ಕತ್ತಿನಾ?” ಗಂಡನ ಮೇಲಿಟ್ಟಿದ್ದನ್ನು ಕಿತ್ತು, ಶಿಗೆ ಅದನ್ನು ಹೆಣದ ಪೆಟ್ಟಿಗೆ ತಂದವನ ಕೈಗೇ ತುರುಕಿದಳು. “ಎದ್ದು ಕೂತು ಬಯ್ತಾರೆ, ತಗೊಂಡೋಗಪ್ಪ!”

ಹೋಗುವ ದಾರಿಯಲ್ಲಿ ದೆವ್ವ ಅಡ್ಡ ಬಂದೀತೆಂದು ಕತ್ತಿ ಕಮ್ಮಾರರ ಊರಾದ ಒಸಾಫುನೆಯಲ್ಲಿ ಸತ್ತವರ ಎದೆಯ ಮೇಲೊಂದು ಕತ್ತಿ ಇಡುತ್ತಾರೆ. ಹಳೇ ಕತ್ತಿಗಳ ಅಸಲಿ ನಕಲಿ ಹೇಳುತ್ತಲೇ ಮುದುಕನಾದ ಗೆನ್ಸಾಕುವಿನ ಮನೆಯಲ್ಲಿ ಮಾತ್ರ ಮೂಲಂಗಿ ಹೆಚ್ಚುವ ಚಾಕು ಬಿಟ್ಟರೆ ಬೇರೆ ಅಲಗಿರಲಿಲ್ಲ. ಅವನು ಒಪ್ಪುವ ಕತ್ತಿ ಕೈಗೆಟುಕುತ್ತಿರಲಿಲ್ಲ, ಕೈಗೆಟುಕುವುದನ್ನು ಅವನು ಒಪ್ಪುತ್ತಿರಲಿಲ್ಲ.

“ನಂದಿದೆಯಲ್ಲ ಅತ್ತಿಗೆ.” ಬಾಗಿಲಲ್ಲಿ ಪಕ್ಕದ ಮನೆಯಲ್ಲಿ ಸೋಯಾ ಹಾಲಿನ ಮೆತ್ತನೆ ತೋಫು ಮಾರುವ ಉಕಿತಾ, ಕಂಕುಳಲ್ಲಿ ರೇಷ್ಮೆ ಬಟ್ಟೆಯ ಗಂಟು. “ಹೋಗೋ ಮುಂಚೆ ಒಂದ್ಸಲ ಒಪ್ಲಿ.”

* * *

ಇಪ್ಪತ್ತು ವರ್ಷದ ಹಿಂದೆ ಗೆನ್ಸಾಕು ಇದೇ ಕತ್ತಿಯ ಹಿಡಿ ಕಳಚಿ, ಒಳಗೆ ಕೆತ್ತಿದ ಕಮ್ಮಾರನ ಹೆಸರನ್ನು ಬೆಳಕಿಗೆ ಹಿಡಿದಿದ್ದ.

“ಅಕ್ಷರ ದುಂಡಗಿದೆ ಉಕಿತಾ, ನಕಲಿ. ಮಾಡಿದೋನು ಕಮ್ಮಾರ ಅಲ್ಲ, ಮೇಷ್ಟ್ರು.”

“ನಮ್ಮಜ್ಜ ಸಾಯೋವಾಗ ನನ್ನ ಕೈಲಿಟ್ಟಿದ್ದು ಕಣೋ!”

“ಇಟ್ಕೊ. ತೋಫು ಚೆನ್ನಾಗಿ ಕುಯ್ಯುತ್ತೆ.”

ಮಾರನೆಯ ದಿನದಿಂದ ಗೆನ್ಸಾಕುವಿನ ಮನೆಗೆ ಉಕಿತಾನ ತೋಫು ಬಂದ್ ಆಯಿತು.

* * *

ಉಕಿತಾ ತಂದ ಕತ್ತಿಯನ್ನು ಹೆಣದ ಎದೆಯ ಮೇಲಿಟ್ಟು ಪೆಟ್ಟಿಗೆ ಎತ್ತಿದರು. ಅದು ಜಾರಿ ಕಂಕುಳಿಗೆ ಬಿತ್ತು. ಮತ್ತೆ ಇಟ್ಟರು. ಮತ್ತೆ ಜಾರಿತು.

“ನೋಡಿದ್ರಾ, ಸತ್ರೂ ಒಪ್ಪಲ್ಲ!” ಉಕಿತಾ ಕತ್ತಿಯತ್ತ ಬೆರಳು ಮಾಡಿದ.

“ರೀ, ಸಾಕು ಮಾಡ್ರೀ!” ಶಿಗೆ ಹೆಣಕ್ಕೇ ಗದರಿದಳು. “ನಿಮ್ಮ ಒಂದು ಮಾತಿಗೆ ನಾನು ಇಪ್ಪತ್ತು ವರ್ಷ ಸೇತುವೆ ದಾಟಿ ತೋಫು ತಂದೆ. ಅದೂ ಹುಳಿ ತೋಫು!” ಜಪಮಣಿಯ ದಾರದಲ್ಲಿ ಗಂಡನ ಎರಡೂ ಕೈಯನ್ನು ಕತ್ತಿಗೆ ಬಿಗಿದು ಕಟ್ಟಿದಳು. “ಹೂಂ, ಮುಚ್ಚಿ.”

ಮುಚ್ಚಳದಲ್ಲಿ ಮುಖ ಕಾಣುವಷ್ಟೇ ಕಿಂಡಿ. ಪೆಟ್ಟಿಗೆ ಮೆಟ್ಟಿಲಿಳಿಯುತ್ತಿದ್ದಂತೆ ಒಳಗೆ ಗೆನ್ಸಾಕುವಿನ ತಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳತೊಡಗಿತು.

“ಅತ್ತಿಗೆ! ಇಲ್ಲ ಅಂತಿದಾನೆ!”

“ನೋಡ್ಬೇಡಿ ಅಂದ್ರೆ ನೋಡ್ಬೇಡಿ!”

ಉಕಿತಾ ನೋಡುತ್ತಲೇ ಇದ್ದ. ಕೊನೆಯ ಮೆಟ್ಟಿಲಲ್ಲಿ ಹೊತ್ತವನೊಬ್ಬ ಎಡವಿದ. ಪೆಟ್ಟಿಗೆ ಕುಲುಕಿತು. ಗೆನ್ಸಾಕುವಿನ ಗದ್ದ ಎದೆಗೆ ತಾಗಿ ಮೇಲೆದ್ದಿತು, ಒಂದೇ ಸಲ.

ಉಕಿತಾ ಬೀದಿಯ ನಡುವೆ ನಿಂತುಬಿಟ್ಟ. ಟೋಪಿ ತೆಗೆದು ಸೊಂಟದವರೆಗೆ ಬಾಗಿದ. ಹಿಂದೆ ಬರುತ್ತಿದ್ದವರೆಲ್ಲ ಗೊಣಗುತ್ತ ಅವನನ್ನು ಸುತ್ತಿಕೊಂಡು ಹೋದರು. ಪೆಟ್ಟಿಗೆ ತಿರುವು ದಾಟಿದ ಮೇಲೂ ಅವನು ಬಾಗಿಯೇ ಇದ್ದ.