ಪಂಚೆ ಮುಚ್ಚಿದ ಜಾಗ

ದಾವಣಗೆರೆಯಿಂದ ವಿಶಾಖಪಟ್ಟಣದ ಬ್ಯಾಂಕಿಗೆ ಮ್ಯಾನೇಜರಾಗಿ ವರ್ಗವಾಗಿ ಬಂದ ಗಂಡ ಚಂದ್ರಮೌಳಿಯ ಮೈಗೆ ಮೂವತ್ತೊಂದು ವರ್ಷಗಳಿಂದ ಒಂದು ಭಾನುವಾರವೂ ತಪ್ಪದಂತೆ ಎಣ್ಣೆ ಹಚ್ಚಿದವರು ಪದ್ಮಮ್ಮ. ಓದಿದ್ದು ಎರಡನೇ ಕ್ಲಾಸು. ಆದರೆ ಆ ಮೈಮೇಲೆ ಯಾವ ಕಲೆ ಯಾವಾಗ ಮೂಡಿತೆಂದು ಕೇಳಿದರೆ ತಡವರಿಸುವವರಲ್ಲ.

ಆ ಕಲೆಗಳಿಗೆ ಹುಳುಕಡ್ಡಿಯೆಂದು ವರ್ಷಗಟ್ಟಲೆ ಮುಲಾಮು ಹಚ್ಚಿದ್ದಾಯಿತು. ಕೊನೆಗೆ ಚೂರು ಚರ್ಮ ತೆಗೆದು ಪರೀಕ್ಷಿಸಿದಾಗ ಚರ್ಮದ ಲಿಂಫೋಮಾ ಎಂದು ತಿಳಿಯಿತು; ನಿಧಾನವಾಗಿ ಬೆಳೆಯುವ ಕ್ಯಾನ್ಸರು. ಬೆಳಕಿನ ಚಿಕಿತ್ಸೆಗೆಂದು ಆಸ್ಪತ್ರೆಯಲ್ಲಿ ಸುತ್ತಲೂ ದೀಪವಿರುವ ಆಳೆತ್ತರದ ಪೆಟ್ಟಿಗೆಯೊಳಗೆ ಕಣ್ಣಿಗೆ ಕನ್ನಡಕ ಹಾಕಿಕೊಂಡು ಚಂದ್ರಮೌಳಿ ವಾರಕ್ಕೆ ಮೂರು ಸಲ ನಿಲ್ಲತೊಡಗಿದರು. ಮೂವತ್ತಾರು ಸಲ ಆದ ಮೇಲೆ ಡಾಕ್ಟರ್ ಹಿಮಬಿಂದು ಚಂದ್ರಮೌಳಿಯ ತೊಡೆಯ ಕಲೆಗಳನ್ನು ನೋಡಿ ಮುಖ ಸಣ್ಣದು ಮಾಡಿ, ತೆಲುಗು ಬೆರೆತ ಕನ್ನಡದಲ್ಲಿ ಹೇಳಿದರು.

"ಬೆಳಕು ಸಾಲ್ತಿಲ್ಲ ಅಂಡಿ. ಮಾತ್ರೆ ಕೊಡ್ಬೇಕು, ಇಲ್ಲಾಂದ್ರೆ ಇಡೀ ಮೈಗೆ ಎಲೆಕ್ಟ್ರಾನ್ ರೇಡಿಯೇಷನ್. ಕೂದಲು, ಉಗುರು ಸ್ವಲ್ಪ ದಿನ ಉದುರ್ತವೆ. ಆ ಮಷಿನ್ ನಮ್ಮಲ್ಲಿಲ್ಲ, ದೂರ ಹೋಗ್ಬೇಕು."

ಚಂದ್ರಮೌಳಿ ಆಗಲೆಂದು ತಲೆಯಾಡಿಸಿದರು.

"ಸ್ವಲ್ಪ ತಡೀರಮ್ಮಾ," ಪದ್ಮಮ್ಮ ಕುರ್ಚಿಯಿಂದ ಎದ್ದರು. "ಬೆನ್ನಿನ ಕಲೆಯೆಲ್ಲಾ ಹೋಯ್ತು. ಮೀನಖಂಡದ್ದೂ ಹೋಯ್ತು. ಸೊಂಟದಿಂದ ಮೊಣಕಾಲ ತನಕ ಒಂದೂ ಕದಲಿಲ್ಲ, ಗೆರೆ ಕೊರ್ದಂಗೆ. ರೀ, ಪೆಟ್ಟಿಗೆ ಒಳಗೆ ಪಂಚೆ ಬಿಚ್ತೀರೋ ಇಲ್ವೋ?"

ಚಂದ್ರಮೌಳಿ ಫ್ಯಾನು ನೋಡಿದರು. "ಹೊರಗೆ ಟೆಕ್ನಿಷಿಯನ್ ಉದಯ್ ನಿಂತಿರ್ತಾರಲ್ಲೇ."

"ಬಾಗಿಲು ಹಾಕಿರುತ್ತಲ್ರೀ!"

"ಗುಪ್ತ ಜಾಗಕ್ಕೆ ಮಾತ್ರ ಮರೆ ಇರ್ಲಿ ಅಂದಿದ್ದೆವಲ್ಲ, ಮ್ಯಾನೇಜರ್ ಗಾರು?" ಎಂದರು ಡಾಕ್ಟರು.

"ಸ್ವಲ್ಪ ಧಾರಾಳವಾಗಿ ಮರೆ ಮಾಡಿದೆ."

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ನಗು ಇಳಿದ ಮೇಲೆ ಕೇಳಿದ್ದು ಪದ್ಮಮ್ಮನನ್ನೇ: "ಇವು ದಪ್ಪ ಆಗಿದಾವಾ ಅಮ್ಮಾ?"

"ಇಲ್ಲ. ಎಡಗಡೇದು ಈ ಊರಿಗೆ ಹುದ್‌ಹುದ್ ಬಿರುಗಾಳಿ ಬಂದ ವರ್ಷದ್ದು. ಆವಾಗಿಂದ ಅಷ್ಟೇ ಅಗಲ. ಎಣ್ಣೆ ಹಚ್ಚೋ ಕೈಗೆ ಇವತ್ತಿಗೂ ಚಪ್ಪಟೆ."

ಡಾಕ್ಟರು ಒಂದೊಂದನ್ನೂ ಬೆರಳಲ್ಲಿ ಒತ್ತಿ ನೋಡಿದರು. ಚಪ್ಪಟೆಯೇ; ರೋಗ ಆಳಕ್ಕೆ ಇಳಿದಿರಲಿಲ್ಲ.

"ಹಾಗಾದ್ರೆ ಬೆಳಕು ಸೋತಿಲ್ಲ, ಆ ಜಾಗಕ್ಕೆ ಮುಟ್ಟೇ ಇಲ್ಲ. ಅಲ್ಲಿ ಚರ್ಮ ಸುಡದ ಹಾಗೆ ಕಡಿಮೆ ಡೋಸ್‌ನಿಂದ ಮೊದಲು ಮಾಡೋಣ. ಮೂರು ತಿಂಗಳು ನೋಡಿ, ಆಮೇಲೆ ಬೇರೆ ಮಾತು."

ಮನುಷ್ಯನ ಆಕಾರ ಅಚ್ಚಾಗಿದ್ದ ಹಾಳೆಯೊಂದನ್ನು ಅವರು ಪದ್ಮಮ್ಮನ ಮುಂದಿಟ್ಟರು. "ಉಳಿದ ಕಲೆ ಗುರುತು ಮಾಡಿ."

"ನಂಗೆ ಬರೆಯೋಕೆ ಬರಲ್ಲಮ್ಮಾ."

"ಬರೆಯೋದು ನನ್ನ ಕೆಲಸ. ನೀವು ಸುತ್ತು ಹಾಕಿ ವರ್ಷ ಹೇಳಿ."

ಪದ್ಮಮ್ಮ ಸೆರಗು ಸರಿಪಡಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ಪೆನ್ನು ಹಿಡಿದರು. ಅವರು ಹೇಳಿದ ಒಂದೊಂದು ವರ್ಷವನ್ನೂ ಡಾಕ್ಟರು ಬಗ್ಗಿ ಬರೆದುಕೊಳ್ಳುತ್ತಿದ್ದರು.