ಒಂದೂವರೆ ಗಂಟೆಯ ದೆವ್ವ

ಆಸ್ಪತ್ರೆಗಳ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಮೂರು ತಿಂಗಳಿಗೊಮ್ಮೆ ಸಿನಿಮಾ ತೋರಿಸುತ್ತಿದ್ದರು. ಕೆಳಗಡೆ ಯಂತ್ರಗಳು, ಮೇಲ್ಗಡೆ ಬಟ್ಟೆ ಮಡಚುವ ಹಾಲ್. ಎರಡು ಬೆಡ್‌ಶೀಟು ಜೋಡಿಸಿ ಗೋಡೆಗೆ ಕಟ್ಟಿದರೆ ಪರದೆ ಸಿದ್ಧ. ಯಾವ ಸಿನಿಮಾ ಎಂದು ಆರಿಸುವವರು ಕೆಲಸದ ಹೆಂಗಸರೇ. ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಉಣ್ಣಬೇಕು, ಎಷ್ಟು ಸಲ ಮೂತ್ರಕ್ಕೆ ಹೋಗಬೇಕು ಎಂಬುದರಲ್ಲಿ ಅವರನ್ನು ಯಾರೂ ಕೇಳುತ್ತಿರಲಿಲ್ಲ. ಸಿನಿಮಾದ ವಿಷಯಕ್ಕೆ ಮಾತ್ರ ಕೇಳುತ್ತಿದ್ದರು.

ಅದಕ್ಕೊಂದು ಪದ್ಧತಿಯಿತ್ತು. ರೋಗಿಗಳ ಅಂಗಿಯಿಂದ, ಡಾಕ್ಟರರ ಕೋಟಿನಿಂದ ಕಿತ್ತುಬಂದ ಗುಂಡಿಗಳನ್ನು ಒಂದು ಡಬ್ಬಿಯಲ್ಲಿ ಕೂಡಿಹಾಕಿರುತ್ತಿದ್ದರು. ಶುಕ್ರವಾರ ಊಟದ ಹೊತ್ತಿಗೆ ಮೇಸ್ತ್ರಿ ನಾಲ್ಕು ಸ್ಟೀಲ್ ಲೋಟ ಸಾಲಾಗಿ ಇಡುತ್ತಿದ್ದ. ಒಬ್ಬೊಬ್ಬರಿಗೆ ಒಂದು ಗುಂಡಿ. ಬೇಕಾದ ಲೋಟಕ್ಕೆ ಹಾಕುವುದು.

ಈ ಶುಕ್ರವಾರ ಗುಂಡಿ ಹಾಕುವವರು ಹನ್ನೊಂದು ಜನ. ಹನ್ನೆರಡನೆಯವಳು ಮನೆಯಲ್ಲಿ, ಬಲಗೈಗೆ ಬಟ್ಟೆ ಸುತ್ತಿಸಿಕೊಂಡು, ಗೋಡೆ ನೋಡುತ್ತ ಮಲಗಿದ್ದಳು.

ಅವಳ ಅಕ್ಕ ಇದೇ ಲಾಂಡ್ರಿಯಲ್ಲಿ ಇಸ್ತ್ರಿಯವಳು. ಎಲ್ಲರಿಗಿಂತ ಹಳಬಳಾದ್ದರಿಂದ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ತಂಗಿಯ ಕೆಲಸ ಬಿಸಿ ರೋಲರಿನ ಮುಂದೆ. ಒದ್ದೆ ಶೀಟಿನ ಅಂಚು ಹಿಡಿದು ಎರಡು ಉರುಳೆಗಳ ನಡುವೆ ಕೊಡಬೇಕು. ಬೆರಳು ಒಳಹೋಗದ ಹಾಗೆ ಮುಂದೊಂದು ಅಡ್ಡ ಸರಳು ಇರುತ್ತದೆ. ಸರಳಿದ್ದರೆ ಕೆಲಸ ನಿಧಾನ ಎಂದು ಮೇಸ್ತ್ರಿ ಎರಡು ತಿಂಗಳ ಹಿಂದೆ ಎಲ್ಲರೆದುರಿಗೇ ಅದನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದ. ಇಪ್ಪತ್ತು ದಿನ ಬಿಟ್ಟು ತಂಗಿಯ ನಾಲ್ಕು ಬೆರಳು ಶೀಟಿನ ಜೊತೆಗೆ ಒಳಗೆ ಹೋದವು. ಅವಳನ್ನು ಆಸ್ಪತ್ರೆಗೆ ಒಯ್ದು ಬರುವಷ್ಟರಲ್ಲಿ ಸರಳು ಮತ್ತೆ ತನ್ನ ಜಾಗದಲ್ಲಿತ್ತು. ಸ್ಕ್ರೂಗಳಿಗೆ ಎಣ್ಣೆ ಕೂಡ ಹಚ್ಚಿದ್ದರು.

‘ಸರಳಿನ ಮೇಲಿಂದ ಕೈ ಹಾಕಿ ಆಟವಾಡುತ್ತಿದ್ದಳು’ ಎಂದು ಮಾಲೀಕರು ಕಾರ್ಮಿಕ ಕಚೇರಿಗೆ ಬರೆದು ಕಳಿಸಿದರು. ಆ ಮಾತು ಕಾಗದದಲ್ಲಿ ನಿಂತುಬಿಟ್ಟರೆ ತಂಗಿಗೆ ಚಿಕಿತ್ಸೆಯ ಹಣವೂ ಇಲ್ಲ, ಮುಂದೆ ಎಲ್ಲಿಯೂ ಕೆಲಸವೂ ಇಲ್ಲ. ಅಕ್ಕ ಆ ಕಚೇರಿಗೆ ಐದು ಸಲ ಅಲೆದಳು. ಶನಿವಾರ ಎರಡರಿಂದ ನಾಲ್ಕರವರೆಗೆ ಅಧಿಕಾರಿ ಬಂದು ಹೇಳಿಕೆ ಬರೆದುಕೊಳ್ಳುತ್ತಾರೆ, ಬರುವುದು ಒಂದೇ ಸಲ, ಎಂದು ಅಲ್ಲಿಯ ಗುಮಾಸ್ತ ಹೇಳಿದ. ಅವಳು ಅದನ್ನು ತಂಗಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. ಮೊದಲೇ ಗೊತ್ತಾದರೆ ಕೆಲವರಿಗೆ ಜ್ವರ ಬರುತ್ತದೆ, ಕೆಲವರಿಗೆ ನೆಂಟರು ಬರುತ್ತಾರೆ. ಅಧಿಕಾರಿ ಒಮ್ಮೆಲೇ ಒಳಗೆ ಬಂದು ಮುಖ ನೋಡಿ ಕೇಳಿದರೆ ಹೇಳದೆ ಎಲ್ಲಿಗೆ ಹೋದಾರು ಎಂದುಕೊಂಡಿದ್ದಳು.

ಆದರೆ ನೋಟೀಸು ಮಾಲೀಕರಿಗೂ ಹೋಗಿತ್ತು. ಶುಕ್ರವಾರ ಲೋಟ ಇಡುತ್ತ ಮೇಸ್ತ್ರಿ ಹೇಳಿದ, ‘ನಾಳೆ ಮಧ್ಯಾಹ್ನ ಯಂತ್ರ ಬಂದ್. ಎರಡು ಗಂಟೆಗೆ ಸಿನಿಮಾ. ಎಲ್ಲರೂ ಮೇಲೆ ಬರಬೇಕು.’

ಹೆಂಗಸರ ಮುಖ ಅರಳಿತು. ಅಕ್ಕ ಬಾಯಿಗೆತ್ತಿದ ತುತ್ತನ್ನು ಡಬ್ಬಿಗೇ ಇಳಿಸಿದಳು.

‘ಒಂದನೇ ಲೋಟ ಹೊಡೆದಾಟ. ಎರಡನೇದು ನಗೋದು. ಮೂರನೇದು ಸಂಸಾರದ್ದು, ಅಳೋದು. ನಾಲ್ಕನೇದು ದೆವ್ವ.’

‘ಅಳೋದಕ್ಕೆ ಸಿನಿಮಾ ಯಾಕೆ, ನಮ್ಮತ್ತೆ ಸಾಲದಾ?’ ಎಂದಳು ರೇಡಿಯೋ. ಒಗೆಯುವ ಯಂತ್ರದ ಗದ್ದಲದ ಮೇಲೂ ಅವಳ ಮಾತು ಕೇಳುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು. ‘ನಾನು ನಗೋದಕ್ಕೆ.’

‘ನಿಂಗೆ ಕನ್ನಡಿ ಸಾಕಲ್ಲೇ’ ಎಂದಳು ಕಲೆ ತಿಕ್ಕುವ ದೊಡ್ಡಮ್ಮ. ‘ನಾನು ಸಂಸಾರದ್ದಕ್ಕೆ ಹಾಕ್ತೀನಪ್ಪ. ಕೂತ್ಕೊಂಡು ಅತ್ತು ಎಷ್ಟು ದಿನ ಆಯ್ತು.’

ಅಕ್ಕ ಮೇಸ್ತ್ರಿಯ ಬಳಿ ಹೋಗಿ ಮೆಲ್ಲಗೆ ಕೇಳಿದಳು, ‘ಯಾವುದು ಎಷ್ಟು ಹೊತ್ತು?’

‘ಯಾಕೆ, ಮದುವೆಗೆ ಹೋಗ್ಬೇಕಾ?’ ಎಂದ ಅವನು. ಆಮೇಲೆ ಬೆರಳು ಮಡಚಿ ಹೇಳಿದ: ಸಂಸಾರದ್ದು ಮೂರು ಗಂಟೆ, ಹೊಡೆದಾಟ ಎರಡೂಮುಕ್ಕಾಲು, ನಗೋದು ಎರಡೂವರೆ. ದೆವ್ವ ಒಂದೂವರೆ.

ಎರಡಕ್ಕೆ ಶುರುವಾದರೆ ದೆವ್ವ ಮೂರೂವರೆಗೆ ಮುಗಿಯುತ್ತದೆ. ಇನ್ನರ್ಧ ಗಂಟೆ ಅಧಿಕಾರಿ ಕೆಳಗೇ ಇರುತ್ತಾರೆ. ಎಲ್ಲರೂ ಒಟ್ಟಿಗೇ ಮೆಟ್ಟಿಲಿಳಿದು ಅವರೆದುರಿಗೇ ಹೋಗಬೇಕು. ಅಕ್ಕ ಊಟದ ಡಬ್ಬಿ ಮುಚ್ಚಿ ಒಬ್ಬೊಬ್ಬರ ಹತ್ತಿರ ಕೂತಳು.

‘ದೆವ್ವಕ್ಕೆ ಹಾಕು ಮಾರಾಯ್ತಿ.’

‘ಮನೇಲಿ ತಂಗಿ ಆ ಸ್ಥಿತೀಲಿದಾಳೆ, ನಿಂಗೆ ದೆವ್ವ ಬೇಕಾ?’

‘ಬೇಕು.’

‘ರಾತ್ರಿ ನಂಗೆ ನಿದ್ದೆ ಬರಲ್ಲ ಆಮೇಲೆ.’

‘ನಂಗಂತೂ ಹೇಗೂ ಬರ್ತಿಲ್ಲ. ನನಗೋಸ್ಕರ ಹಾಕು.’

ರೇಡಿಯೋ ತಮಾಷೆಗೆ ಅಕ್ಕನ ಹಣೆ ಮುಟ್ಟಿ ನೋಡಿದಳು. ಮೇಸ್ತ್ರಿ ಲೋಟಗಳ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ಅವನ ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ ಅಕ್ಕನ ಬಾಯಿಗೆ ದೆವ್ವ ಬಿಟ್ಟರೆ ಬೇರೆ ಮಾತು ಬರಲಿಲ್ಲ. ಸಂಜೆ ಗೇಟಿನ ಹೊರಗೆ ಹೇಳಬಹುದಿತ್ತು. ಅಲ್ಲಿಯೂ ಜ್ವರದ, ನೆಂಟರ ಯೋಚನೆ ಬಂದು ಸುಮ್ಮನಾದಳು.

ಲೋಟ ಸುರಿದು ಎಣಿಸಿದರು. ದೆವ್ವಕ್ಕೆ ಐದು, ನಗುವುದಕ್ಕೆ ನಾಲ್ಕು, ಸಂಸಾರಕ್ಕೆ ಎರಡು. ಹೊಡೆದಾಟಕ್ಕೆ ಒಂದೂ ಬಿದ್ದಿರಲಿಲ್ಲ.

ಅಕ್ಕ ಗೆದ್ದಳು. ಬಾಗಿಲು ನಮ್ಮದಲ್ಲ, ಬೀಗ ನಮ್ಮದಲ್ಲ, ಪರದೆ ಕಟ್ಟಿದ ಗೋಡೆಯೂ ನಮ್ಮದಲ್ಲ. ಅದರೊಳಗೆ ಒಂದು ಗುಂಡಿ ಹೆಚ್ಚು ಬಂತೆಂದು ಗೆದ್ದೆವು ಎನ್ನುವುದು ಎಂಥ ಗೆಲುವು? ಆದರೂ ಆ ದಿನ ಅವಳು ಇಸ್ತ್ರಿ ಮೇಜಿಗೆ ಹಗುರಾಗಿ ಮರಳಿದಳು.

ಶನಿವಾರ ಕಿಟಕಿಗಳಿಗೆ ಕಂಬಳಿ ಹೊದಿಸಿದರು. ಹಾಲ್ ತುಂಬ ಸೋಪಿನ, ಬ್ಲೀಚಿನ ಘಾಟು. ಮಡಚಿದ ಬಟ್ಟೆಯ ಗಂಟುಗಳ ಮೇಲೆ ಹೆಂಗಸರು ಒರಗಿ ಕೂತರು. ಎರಡೂಕಾಲಕ್ಕೆ ಕೆಳಗೆ ಜೀಪು ನಿಂತ ಸದ್ದು ಅಕ್ಕನಿಗೆ ಮಾತ್ರ ಕೇಳಿತು. ಪರದೆಯ ಮೇಲೆ ಬಿಳಿ ಸೀರೆಯ ಹೆಂಗಸೊಬ್ಬಳು ಬಾವಿಯಿಂದ ಏಳುತ್ತಿದ್ದಳು. ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದರು. ಅಕ್ಕ ಗಡಿಯಾರ ನೋಡುತ್ತಿದ್ದಳು.

ಮೂರೂವರೆಗೆ ಸರಿಯಾಗಿ ದೆವ್ವ ಸುಟ್ಟುಹೋಯಿತು. ದೊಡ್ಡಮ್ಮ ಸೊಂಟ ಹಿಡಿದುಕೊಂಡು ಎದ್ದಳು. ಆಗ ಹಿಂದಿನಿಂದ ಮೇಸ್ತ್ರಿಯ ಧ್ವನಿ ಬಂತು.

‘ಯಾಕೆ ಏಳ್ತೀರಿ? ಇನ್ನೂ ಮೂರೂವರೆ. ಐದರವರೆಗೆ ಹೊತ್ತಿದೆಯಲ್ಲ. ನಾಲ್ಕು ಗುಂಡಿ ಬಿದ್ದಿತ್ತಲ್ವಾ, ನಗೋದು? ಅದನ್ನೂ ಆದಷ್ಟು ನೋಡಿಬಿಡಿ. ದೆವ್ವ ಚಿಕ್ಕದಿದ್ದದ್ದು ಒಳ್ಳೇದೇ ಆಯ್ತು.’

ಹೆಂಗಸರು ಚಪ್ಪಾಳೆ ತಟ್ಟಿದರು. ದೊಡ್ಡಮ್ಮ ಮತ್ತೆ ಕೂತಳು. ದೀಪ ಆರಿತು.

ಅಕ್ಕ ಕತ್ತಲಲ್ಲಿ ಗೋಡೆ ತಡವುತ್ತ ಕೆಳಗಿಳಿದಳು. ಕಚೇರಿ ಕೋಣೆಯಲ್ಲಿ ಅಧಿಕಾರಿ ಟೀ ಕುಡಿದ ಲೋಟ ಪಕ್ಕಕ್ಕಿಟ್ಟು ಕಾಗದ ಜೋಡಿಸುತ್ತಿದ್ದರು. ವಯಸ್ಸಾದವರು, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು.

‘ಸರ್, ಸರಳು ಇರಲಿಲ್ಲ. ನಾನು ನೋಡಿದೀನಿ.’

‘ನೀವು ಏನಾಗ್ಬೇಕು ಆ ಹುಡುಗಿಗೆ?’

‘ಅಕ್ಕ.’

‘ನಿಮ್ಮದು ಬರ್ಕೊಂಡ್ರೂ ನಿಲ್ಲಲ್ಲಮ್ಮ. ಬೇರೆಯವರು ಇಬ್ಬರಾದ್ರೂ ಹೇಳ್ಬೇಕು. ಯಾರೂ ಹೇಳೋರಿಲ್ಲ ಅಂತ ನಿಮ್ಮ ಮೇಸ್ತ್ರಿ ಹೇಳಿದ್ರು.’

‘ಎಲ್ಲರೂ ಮೇಲಿದಾರೆ ಸರ್. ನೀವೇ ಬಂದು ಕೇಳಿ.’

ತಲೆಯ ಮೇಲೆ ನಗೆ ಗೊಳ್ಳೆಂದಿತು. ಅಧಿಕಾರಿ ಚಾವಣಿ ನೋಡಿದರು. ‘ಸಿನಿಮಾ ನೋಡೋರನ್ನ ಎಳ್ಕೊಂಡು ಬಂದು ಹೇಳಿಸೋಕೆ ನನಗೆ ಅಧಿಕಾರ ಇಲ್ಲ. ಬರೋರು ಬರಲಿ. ನಾಲ್ಕಕ್ಕೆ ಹೊರಡ್ತೀನಿ.’

ಅಕ್ಕ ಮತ್ತೆ ಮೆಟ್ಟಿಲು ಹತ್ತಿದಳು. ಸೀದಾ ಹೋಗಿ ಪರದೆಯ ಮುಂದೆ ನಿಂತಳು. ಪಂಚೆ ಕಳಚಿಬಿದ್ದ ಗಂಡಸೊಬ್ಬ ಅವಳ ಎದೆಯ ಮೇಲೆ ಓಡಾಡುತ್ತಿದ್ದ.

‘ಏ, ಯಾರದು, ಕೂತ್ಕೊಳೇ.’

‘ಅಕ್ಕಂಗೆ ದೆವ್ವ ಮೆಟ್ಕೊಂಡಿದೆ.’

ಇನ್ನಷ್ಟು ನಗೆ. ಅಕ್ಕ ಹೇಳಿದಳು, ‘ಕೆಳಗೆ ಅಧಿಕಾರಿ ಬಂದಿದಾರೆ. ಸರಳು ಬಿಚ್ಚಿದ್ದು ಯಾರು ಅಂತ ಕೇಳ್ತಿದಾರೆ. ನೀವೆಲ್ಲ ನೋಡಿದೀರಿ. ಇಬ್ಬರು ಸಾಕು.’

ಮೇಸ್ತ್ರಿ ಸಿನಿಮಾ ನಿಲ್ಲಿಸಲಿಲ್ಲ. ಬೈಯಲೂ ಇಲ್ಲ. ಬಾಗಿಲ ಪಕ್ಕಕ್ಕೆ ಬಂದು ಕೈಕಟ್ಟಿ ನಿಂತ, ಅಷ್ಟೆ. ಹೋಗುವವರು ಅವನನ್ನು ದಾಟಿಯೇ ಹೋಗಬೇಕು. ಪರದೆಯಿಂದ ಯಾರೋ ಏನೋ ಹೇಳಿದ, ಈಗ ಯಾರೂ ನಗಲಿಲ್ಲ. ದೊಡ್ಡಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ ಕೂತಿದ್ದಳು.

ರೇಡಿಯೋ ಎದ್ದಳು. ಬಟ್ಟೆಯ ಗಂಟುಗಳನ್ನು ದಾಟಿ, ಮೇಸ್ತ್ರಿಯ ಮುಖ ನೋಡದೆ ಹೊರಬಂದಳು. ಅಕ್ಕ ಇನ್ನೊಬ್ಬಳಿಗಾಗಿ ಕಾದಳು. ನೂರರವರೆಗೆ ಎಣಿಸುವಷ್ಟು ಹೊತ್ತು ಕಾದಳು. ಆಮೇಲೆ ತಾನೂ ಇಳಿದಳು.

‘ಇನ್ನೊಬ್ಬರು?’ ಅಧಿಕಾರಿ ಕೇಳಿದರು.

‘ನಾನೇ ಎರಡು ಸಲ ಹೇಳ್ತೀನಿ ಸರ್’ ಎಂದಳು ರೇಡಿಯೋ. ಅವಳ ಧ್ವನಿ ಮೊದಲ ಬಾರಿಗೆ ಸಣ್ಣದಾಗಿ ಕೇಳಿಸಿತು.

ಅವರು ಬರೆದುಕೊಂಡರು. ರೇಡಿಯೋ ಸಹಿ ಹಾಕಿದಳು. ನಾಲ್ಕು ಗಂಟೆ ಐದು ನಿಮಿಷಕ್ಕೆ ಅಧಿಕಾರಿ ಕನ್ನಡಕ ಸರಿಪಡಿಸಿಕೊಂಡು ಕೊನೆಯ ಸಾಲು ಓದಿ ಹೇಳಿದರು: ‘ಸಾಕ್ಷಿ ಒಬ್ಬರೇ. ಸಾಲದು.’ ಓದುವಾಗ ಅವರಿಗೂ ಹಿತವೆನಿಸಿದಂತೆ ಕಾಣಲಿಲ್ಲ. ಜೀಪು ಹೊರಟಿತು.

‘ಶುಕ್ರವಾರ ಇಷ್ಟು ಬೇಡಿಕೊಂಡೆಯಲ್ಲಕ್ಕ’ ಎಂದಳು ರೇಡಿಯೋ, ಗೇಟಿನ ಬಳಿ. ‘ದೆವ್ವ ಬೇಕು ಅಂದೆ, ಇಷ್ಟ ಇಲ್ದಿದ್ರೂ ನಾಲ್ಕು ಜನ ಹಾಕಿದ್ವಿ. ತಂಗಿಗೋಸ್ಕರ ಅಂತ ಯಾಕೆ ಕೇಳ್ಲಿಲ್ಲ?’

ಸೋಮವಾರ ಮೇಸ್ತ್ರಿ ತನ್ನನ್ನು ಯಾವ ಯಂತ್ರದ ಮುಂದೆ ಹಾಕುತ್ತಾನೋ ಎಂಬ ಪ್ರಶ್ನೆಯನ್ನು ರೇಡಿಯೋ ಕೇಳಲಿಲ್ಲ. ಅಕ್ಕನೂ ಎತ್ತಲಿಲ್ಲ.

ಮನೆಯಲ್ಲಿ ತಂಗಿ ಎದ್ದು ಕೂತಿದ್ದಳು. ಎಡಗೈಯಲ್ಲಿ ತಲೆ ಬಾಚಲು ಹೋಗಿ ಅರ್ಧಕ್ಕೆ ಬಿಟ್ಟಿದ್ದಳು.

‘ಎಷ್ಟು ಜನ?’

‘ಒಬ್ಬಳು. ರೇಡಿಯೋ.’

‘ಉಳಿದೋರು?’

‘ಸಿನಿಮಾ ನೋಡ್ತಿದ್ರು.’

‘ಯಾವುದು?’

ಅಕ್ಕ ಹೇಳಿದಳು. ದೆವ್ವದ್ದನ್ನೂ ಹೇಳಿದಳು, ಆಮೇಲೆ ಹಾಕಿದ್ದನ್ನೂ, ತಾನು ಪರದೆಯ ಮುಂದೆ ಹೋಗಿ ನಿಂತದ್ದನ್ನೂ ಹೇಳಿದಳು. ಬಾಚಣಿಗೆ ತೆಗೆದುಕೊಂಡು ತಂಗಿಯ ಹಿಂದೆ ಕೂತು ಸಿಕ್ಕು ಬಿಡಿಸತೊಡಗಿದಳು.

‘ನಾನಿದ್ದಿದ್ರೆ ನಗೋದಕ್ಕೇ ಹಾಕ್ತಿದ್ದೆ ಅಕ್ಕ’ ಎಂದಳು ತಂಗಿ. ‘ಕೈ ಹೋಗಿದ್ದು ದೊಡ್ಡಮ್ಮಂದಾಗಿದ್ದು, ನೀನು ಹಾಗೆ ಬಂದು ನಿಂತಿದ್ರೆ, ನಾನು ಎದ್ದು ಬರ್ತಿದ್ನಾ?’

‘ಬರ್ತಿದ್ದೆ’ ಎಂದಳು ಅಕ್ಕ.

‘ನಿಜ ಹೇಳು.’

ಅಕ್ಕ ಅವಳ ತಲೆಯನ್ನು ಮುಂದಕ್ಕೆ ಬಗ್ಗಿಸಿ ಜಡೆ ಹಾಕತೊಡಗಿದಳು.